ಬಂಗುಡೆ ಒಂದು ಕಡೆ, ಮಸಾಲೆ ಒಂದು ಕಡೆ

ಸಂಜೆ ಆಫೀಸು ಬಿಡುವ ಹೊತ್ತಿಗೆ ನನಗೆ ಈಚೆಗೆ ಒಂದು ಥರದ ಕುಣಿಯುವ ಹುಮ್ಮಸ್ಸು ಬರುತ್ತದೆ. ಈ ಪ್ರಾಯದಲ್ಲಿ ಹೀಗೆ ಹೇಳಿಕೊಳ್ಳುವುದು ಸ್ವಲ್ಪ ನಾಚಿಕೆಯ ವಿಷಯವೇ. ಬೇರೆಯವರು ಸಂಜೆಯಾದರೆ ವಾಲಿಬಾಲ್ ಆಡಲು ಹೋಗುತ್ತಾರೆ, ಭಜನೆಗೆ ಹೋಗುತ್ತಾರೆ, ಕೆಲವರು ಎಲ್ಲಿಗೆ ಎಂದು ಮನೆಯಲ್ಲಿ ಹೇಳದೆ ಹೋಗುತ್ತಾರೆ. ನಾನು ಮನೆಗೆ ಹೋಗಿ ಅಡುಗೆ ಮಾಡುತ್ತೇನೆ. ಸ್ಕೂಟರಿನ ಕೊಕ್ಕೆಗೆ ಹರಿವೆ ಸೊಪ್ಪಿನ ಕಟ್ಟು ನೇತುಹಾಕಿಕೊಂಡು ಕಟಪಾಡಿ ಜಂಕ್ಷನ್ನಿನಲ್ಲಿ ರಸ್ತೆ ದಾಟಲು ಕಾಯುವಾಗ, ಪಕ್ಕದ ಬಸ್ಸಿನ ಕಿಟಕಿಯಿಂದ ಯಾರಾದರೂ ಆ ಸೊಪ್ಪನ್ನು ನೋಡಿದರೆ ಸಾಕು, ಕೊರಳಲ್ಲಿದ್ದ ಮೆಡಲನ್ನೇ ನೋಡಿದರೇನೋ ಎಂಬಂತೆ ನನ್ನ ಎದೆ ಉಬ್ಬುತ್ತದೆ.

ಕೆಲಸದಿಂದ ಬಂದು ಹತ್ತೇ ನಿಮಿಷದಲ್ಲಿ ಊಟ ತಯಾರು ಮಾಡುವುದು ಹೇಗೆ ಎಂದು ಪೇಪರಿನ ಪುರವಣಿಯಲ್ಲಿ ಬರೆಯುವವರಿದ್ದಾರೆ, ಮೊಬೈಲಿನಲ್ಲಿ ಮಾಡಿ ತೋರಿಸುವವರಿದ್ದಾರೆ. ಅವರನ್ನೆಲ್ಲ ನಾನು ಭಕ್ತಿಯಿಂದ ನೋಡಿದವನು. ಅವರ ಗುಟ್ಟು ನನಗೆ ತಡವಾಗಿ ಅರ್ಥವಾಯಿತು. "ಮೊದಲೇ ನೆನೆಸಿಟ್ಟ ಕಡಲೆಯನ್ನು ತೆಗೆದುಕೊಳ್ಳಿ, ಮೊದಲೇ ತುರಿದಿಟ್ಟ ಕಾಯಿಯನ್ನು ಹಾಕಿ, ಮೊದಲೇ ಹುರಿದಿಟ್ಟ ಮಸಾಲೆ" ಎನ್ನುತ್ತಾರೆ. ಆ 'ಮೊದಲೇ' ಎಂಬ ಮಾತಿನೊಳಗೆ ಒಂದು ಇಡೀ ಮಧ್ಯಾಹ್ನ ಅಡಗಿ ಕೂತಿರುತ್ತದೆ. ಮತ್ತೊಂದು ವಿಷಯ: ಅವರ ಯಾರ ಮನೆಯಲ್ಲೂ ಕುಚ್ಚಲಕ್ಕಿ ಇಲ್ಲ.

ನಾನು ಈ ಕೆಲಸಕ್ಕೆ ಇಳಿದದ್ದು ನನ್ನ ಹೆಂಡತಿ ಸುನೀತಾಳಿಂದ. ಮದುವೆಯಾದಂದಿನಿಂದ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದವಳು, ಕಂಪ್ಯೂಟರ್ ಕಲಿತು, ಮಣಿಪಾಲದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಗೆ ಸೇರಿದಳು. ಮಧ್ಯಾಹ್ನ ಹೋದರೆ ಅಲೆವೂರಿನ ನಮ್ಮ ಮನೆಗೆ ವಾಪಸು ಬರುವಾಗ ರಾತ್ರಿ ಎಂಟರ ಹತ್ತಿರ. ಮೊದಲು ಕೆಲವು ತಿಂಗಳು ನೋಡುತ್ತಾರೆ, ಆಮೇಲೆ ಖಾಯಂ. ಮೊದಲ ದಿನ ಅವಳು ಐಡಿ ಕಾರ್ಡು ಕುತ್ತಿಗೆಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, "ನಮಸ್ಕಾರ, ಕೂತುಕೊಳ್ಳಿ, ನಿಮ್ಮ ಹೆಸರು?" ಎಂದು ತನ್ನನ್ನೇ ಕೇಳಿಕೊಂಡದ್ದನ್ನು ನಾನು ಬಾಗಿಲ ಮರೆಯಿಂದ ನೋಡಿದೆ. ಹೆಸರು ಹೇಳಿ ಒಳಗೆ ಹೋಗಿ ನಾನೂ ಕೂತುಬಿಡೋಣ ಎನಿಸಿತು. ಈ ಕೆಲಸ ಮಾತ್ರ ಹೋಗಬಾರದು ಎಂದು ಆಗಲೇ ಮನಸ್ಸಿನಲ್ಲಿ ಗಟ್ಟಿಯಾಯಿತು.

ಅಮ್ಮನ ಮನಸ್ಸಿನಲ್ಲಿ ಬೇರೆಯೇ ಗಟ್ಟಿಯಾಯಿತು. "ದೀಪ ಹಚ್ಚುವ ಹೊತ್ತಿಗೆ ಸೊಸೆ ಮಣಿಪಾಲದಲ್ಲಿ. ರಾತ್ರಿಗೆ ನಾನೆಂತ, ಮಧ್ಯಾಹ್ನದ ತಂಗಳು ತಿನ್ನುದಾ?" ಎಂದಳು. ಮನೆಯಲ್ಲಿ ನಾವು ಆಡುವುದು ತುಳು; ನಿಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ. ತುಳುವಿನಲ್ಲಿ ಈ ಮಾತು ಇನ್ನೂ ಸ್ವಲ್ಪ ಖಾರವಾಗಿತ್ತು.

ಅಮ್ಮನಿಗೆ ಸಕ್ಕರೆ ಕಾಯಿಲೆ. ಎಂಟಕ್ಕೆ ಮಾತ್ರೆ, ಅದರ ಬೆನ್ನಿಗೇ ಊಟ ಆಗಬೇಕು. ಮಂಡಿ ಸವೆದಿದೆ, ಒಲೆಯ ಹತ್ತಿರ ನಿಲ್ಲಲೇಬಾರದು ಎಂದು ಡಾಕ್ಟರು ಹೇಳಿದ್ದಾರೆ. ಇದೆಲ್ಲ ಗೊತ್ತಿದ್ದ ಸುನೀತಾ ಆ ರಾತ್ರಿ ನನ್ನ ಹತ್ತಿರ ಖಡಾಖಂಡಿತವಾಗಿ ಹೇಳಿದಳು: "ನೋಡಿ, ಅತ್ತೆ ಹಸಿದು ಕೂತ್ಕೊಳ್ಳುದು ಬೇಡ. ಆ ಮಂಡಿ ಇಟ್ಕೊಂಡು ಒಲೆ ಹತ್ರ ನಿಲ್ಲುದೂ ಬೇಡ. ಒಂದು ದಿನ ಹಾಗಾದ್ರೂ ನಾನು ಕೆಲಸ ಬಿಡ್ತೇನೆ."

"ನಾನು ಮಾಡ್ತೇನೆ," ಎಂದೆ.

"ಎಂತ ಮಾಡ್ತೀರಿ?"

"ಅಡುಗೆ. ಆವತ್ತಿಂದು ಆವತ್ತಿಗೆ, ಬಿಸಿಬಿಸಿ. ಎಂಟಕ್ಕೆ ಅಮ್ಮನ ಮುಂದೆ ತಟ್ಟೆ."

ಮರುದಿನ ಈ ಸುದ್ದಿ ಅಮ್ಮನಿಗೂ ತಲುಪಿತು. ಅತ್ತೆ ಸೊಸೆ ಇಬ್ಬರೂ ಒಂದೇ ವಿಷಯಕ್ಕೆ ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು.

ಕುಚ್ಚಲಕ್ಕಿಯ ವಿಷಯಕ್ಕೆ ಬರುತ್ತೇನೆ. ಆ ಅಕ್ಕಿಗೆ ಅವಸರ ಎಂದರೆ ಏನೆಂದೇ ಗೊತ್ತಿಲ್ಲ. ಹೊರಗೆ ಪ್ರಪಂಚ ಮುಳುಗುತ್ತಿದ್ದರೂ ಅದು ಪಾತ್ರೆಯ ತಳದಲ್ಲಿ ಕಾಲು ಚಾಚಿ ಮಲಗಿರುತ್ತದೆ. ನಮ್ಮ ಹಿತ್ತಲಿನ ಬಾಡಿಗೆ ಕೋಣೆಯಲ್ಲಿ ಯಲ್ಲವ್ವ ಎಂಬವಳು ಗಂಡನ ಜೊತೆ ಇದ್ದಾಳೆ. ಬಾಗಲಕೋಟೆಯ ಕಡೆಯವರು, ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ನಾನು ಅಕ್ಕಿ ತೊಳೆಯುವಾಗ ಅವಳು ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿರುತ್ತಾಳೆ. ನನ್ನ ನೀರು ಕುದಿಯಲು ಶುರುವಾಗುವಾಗ ಅಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತು, ಉಣ್ಣುವ ಸದ್ದು ಕೇಳುತ್ತದೆ.

"ಅಣ್ಣಾರ, ಅಕ್ಕಿ ಇನ್ನೂ ಬೇಯ್ಲಿಲ್ಲೇನ್ರಿ?" ಎಂದು ಕಿಟಕಿಯ ಹತ್ತಿರ ಬಂದು ವಿಚಾರಿಸುತ್ತಾಳೆ.

"ಬೇಯ್ತಾ ಉಂಟು."

"ನಿಮ್ಮ ಅಕ್ಕಿ ಬೇಯೂದ್ರಾಗ ನಾವು ಉಂಡು, ಬಾಂಡೆ ತಿಕ್ಕಿ, ಒಂದು ನಿದ್ದಿ ಮಾಡಿ ಏಳ್ತೀವ್ರಿ!"

ಇದಕ್ಕೆ ನಮ್ಮ ಕಡೆ ಒಂದು ಉಪಾಯ ಇದೆ, ಅನ್ನದ ಪೆಟ್ಟಿಗೆ. ಹೊರಗೆ ಸ್ಟೀಲು, ಒಳಗೆ ಶಾಖ ಹೊರಬಿಡದ ಗೋಡೆ. ಅಕ್ಕಿಯನ್ನು ಸ್ವಲ್ಪ ಹೊತ್ತು ಚೆನ್ನಾಗಿ ಕುದಿಸಿ, ಪಾತ್ರೆ ಸಮೇತ ಆ ಪೆಟ್ಟಿಗೆಗೆ ಇಳಿಸಿ ಮುಚ್ಚಿಬಿಟ್ಟರೆ, ಗ್ಯಾಸು ಆರಿಸಿದ ಮೇಲೂ ಅದು ಒಳಗೇ ತನ್ನಷ್ಟಕ್ಕೆ ಬೇಯುತ್ತದೆ. ನಾವು ಅಷ್ಟರಲ್ಲಿ ಪದಾರ್ಥದ, ಅಂದರೆ ಸಾರು-ಪಲ್ಯದ ಕಡೆ ನೋಡಬಹುದು. ಇದರ ವಿಜ್ಞಾನ ನನಗೆ ಬಾಯಿಪಾಠ. ನಾನು ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದು ಮೀಸೆ ಬಂದು ಬಹಳ ವರ್ಷಗಳ ಮೇಲೆ, ಮದುವೆಯೂ ಆದ ಮೇಲೆ. ಪರೀಕ್ಷೆಯ ಹಾಲಿನಲ್ಲಿ ಪಕ್ಕದ ಬೆಂಚಿನ ಹುಡುಗಿ ನನ್ನನ್ನೇ ಮೇಲ್ವಿಚಾರಕ ಎಂದು ತಿಳಿದು, "ಸರ್, ಒಂದು ಅಡಿಷನಲ್ ಶೀಟ್" ಎಂದು ಕೇಳಿದ್ದಳು. ಆವತ್ತು ಥರ್ಮಾಸ್ ಫ್ಲಾಸ್ಕಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂಬ ಪ್ರಶ್ನೆ ಬಂದಿತ್ತು. ನನ್ನ ಫ್ಲಾಸ್ಕು ನೋಡಲು ಹೂಜಿಯ ಹಾಗೆ ಇದ್ದರೂ ಭಾಗಗಳೆಲ್ಲ ಸರಿ ಇದ್ದವು. ವಹನ, ಸಂವಹನ, ವಿಕಿರಣ: ಶಾಖ ಓಡಿಹೋಗುವುದು ಈ ಮೂರೇ ದಾರಿಯಲ್ಲಿ. ಆ ಪಾಸಿನಿಂದಲೇ ನಾನು ಕಟಪಾಡಿಯ ಸಹಕಾರಿ ಸಂಘದಲ್ಲಿ ಅಟೆಂಡರಿಂದ ಗುಮಾಸ್ತನಾದದ್ದು. ಆದರೆ ವಹನ, ಸಂವಹನ, ವಿಕಿರಣಗಳು ಆಫೀಸಿನಲ್ಲಿ ಒಂದು ದಿನವೂ ಕೆಲಸಕ್ಕೆ ಬರಲಿಲ್ಲ. ಈಗ ನೋಡಿ, ಪ್ರತಿ ಸಂಜೆ ಅನ್ನದ ಪೆಟ್ಟಿಗೆಯ ಮುಚ್ಚಳ ಒತ್ತುವಾಗ ಮೂರನ್ನೂ ಒಂದೊಂದಾಗಿ ನೆನೆದು, ಅವುಗಳ ದಾರಿ ಮುಚ್ಚುತ್ತೇನೆ.

"ಬಾಯಲ್ಲಿ ಎಂತ ಪಿಟಿಪಿಟಿ?" ಎಂದು ಅಮ್ಮ ಹೊರಗಿನಿಂದ ಕೇಳುತ್ತಾಳೆ. "ಅಕ್ಕಿಗೆ ದೃಷ್ಟಿ ತೆಗಿತಿಯಾ?"

ಮೀನಿನಲ್ಲಿ ನನ್ನ ಗುರು ಗಿರಿಜಕ್ಕ. ಕಟಪಾಡಿಯಲ್ಲಿ ಸಂಜೆ ಮೀನು ಇಟ್ಟುಕೊಂಡು ಕೂರುವವಳು. ಆಫೀಸು ಬಿಟ್ಟು ಅವಳ ಬುಟ್ಟಿಯ ಮುಂದೆ ನಿಂತರೆ ನನಗೆ ಪರೀಕ್ಷೆಯ ಹಾಲಿನಲ್ಲಿ ನಿಂತ ಹಾಗೇ ಆಗುತ್ತದೆ.

"ಎಂತ ಸದಾನಂದಣ್ಣ, ಇವತ್ತೂ ನಿಮ್ಮದೇ ಡ್ಯೂಟಿಯಾ?"

"ಹೌದು ಗಿರಿಜಕ್ಕ. ಕಾಣೆ ಮೀನು ಉಂಟಾ?"

"ಉಂಟು. ಆದ್ರೆ ನಿಮ್ಗೆ ಕೊಡುದಿಲ್ಲ. ನಿಮ್ಮ ಕೈಗೆ ಸಿಕ್ಕಿದ್ರೆ ಕಾಣೆಗೇ ಬೇಜಾರಾಗ್ತದೆ. ಬಂಗುಡೆ ಕೊಂಡೋಗಿ. ಅದು ಪಾಪದ್ದು, ಯಾರು ಮಾಡಿದ್ರೂ ರುಚಿ ಆಗ್ತದೆ."

ಬಂಗುಡೆ ಪಾಪದ್ದು ಎಂದು ಗಿರಿಜಕ್ಕ ಹೇಳಿದ್ದು ಬುಟ್ಟಿಯೊಳಗಿನ ಬಂಗುಡೆಗೆ ಮಾತ್ರ ಸರಿ. ಕಾದ ಎಣ್ಣೆಗೆ ಬಿದ್ದ ಬಂಗುಡೆಯಂಥ ಜಗಳಗಂಟಿ ಬೇರೊಂದಿಲ್ಲ. ಮೊದಲ ಸಲ ಕಾವಲಿಗೆ ಹಾಕಿದಾಗ ಅದು ನನ್ನ ಮುಖಕ್ಕೂ ಕೈಗೂ ಎಣ್ಣೆ ಎರಚಿ, ನನ್ನನ್ನು ಅಡುಗೆ ಕೋಣೆಯಿಂದ ಹೊರಗೋಡಿಸಿತು. ಆದರೆ ಎಂಟಕ್ಕೆ ತಟ್ಟೆ ಎಂದು ಮಾತು ಕೊಟ್ಟಾಗಿದೆ. ಜಗಲಿಗೆ ಹೋಗಿ ಹೆಲ್ಮೆಟ್ ಹಾಕಿಕೊಂಡು ಬಂದೆ. ಗ್ಲಾಸು ಇಳಿಸಿ, ಕೈ ಉದ್ದಕ್ಕೆ ಚಾಚಿ, ಒಂದೊಂದೇ ಬಂಗುಡೆಯನ್ನು ಮಗುಚಿದೆ. ಕಿಟಕಿಯಲ್ಲಿ ಯಲ್ಲವ್ವನ ಮುಖ ಕಾಣಿಸಿತು.

"ಅಣ್ಣ, ಗಾಡಿ ಒಳಗೇ ತಂದೀರೇನ್ರಿ?"

ಹೀಗೆ ಶುರುವಾದದ್ದು ನಿಧಾನಕ್ಕೆ ಕೈಗೆ ಹತ್ತಿತು. ಹರಿವೆ ದಂಟು ಎಷ್ಟು ಹೊತ್ತಿಗೆ ಮೆತ್ತಗಾಗುತ್ತದೆ, ಮಿಕ್ಸಿಯಲ್ಲಿ ಕಾಯಿ ನುಣ್ಣಗಾದಾಗ ಅದರ ಗಂಟಲು ಹೇಗೆ ಬದಲಾಗುತ್ತದೆ, ಸಾಸಿವೆ ಸಿಡಿಯುವ ಮೊದಲು ಒಂದು ಕ್ಷಣ ಹೇಗೆ ಸುಮ್ಮನಾಗುತ್ತದೆ ಎಂಬುದೆಲ್ಲ ತಿಳಿಯುತ್ತಾ ಹೋದ ಹಾಗೆ ನನಗೆ ಒಂದು ಅಮಲೇ ಏರಿತು. ಆಫೀಸಿನಲ್ಲಿ ಠೇವಣಿ ಇಡಲು ಬಂದವರಿಗೆ ತೊಂಡೆಕಾಯಿ ಪಲ್ಯಕ್ಕೆ ಬೆಲ್ಲ ಹಾಕಬಹುದೇ ಎಂದು ಕೇಳಿ ಮ್ಯಾನೇಜರರಿಂದ ಬೈಸಿಕೊಂಡದ್ದೂ ಉಂಟು. ಲೈಬ್ರರಿಗೆ ಹೋದರೂ ಕಣ್ಣು ಅಡುಗೆಯ ಕಪಾಟಿನ ಕಡೆಗೇ. ಅಲ್ಲೊಂದು ಪುಸ್ತಕದಲ್ಲಿ ಓದಿದೆ, ನಮ್ಮ ಈ ಕೆಂಪು ಮೆಣಸು ನಮ್ಮದಲ್ಲವಂತೆ! ಎಲ್ಲಿಯೋ ಬೆಳೆದದ್ದು ಹಡಗಿನಲ್ಲಿ ಬಂದು ಇಳಿದದ್ದಂತೆ. ಅದಕ್ಕಿಂತ ಮೊದಲು ಇಲ್ಲಿ ಖಾರಕ್ಕೆ ಕಾಳುಮೆಣಸೇ ಗತಿ. ಓದಿ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕಾಪುವಿನ ದಡದಲ್ಲಿ ಯಾವನೋ ಒಬ್ಬ ಒಂದು ಮುಷ್ಟಿ ಕೆಂಪು ಮೆಣಸು ಮನೆಗೆ ತಂದಿರಬೇಕು. ಅವನ ತಾಯಿ ಅದನ್ನು ಮೂಸಿ ನೋಡಿ, "ಇದೆಲ್ಲ ನಮ್ಮ ಮನೆಯಲ್ಲಿ ನಡೆಯುದಿಲ್ಲ" ಎಂದಿರಬೇಕು. ಈಗ ಅದಿಲ್ಲದೆ ಕಾಯಿ ಅರೆದು ಮಾಡುವ ನಮ್ಮ ಯಾವ ಗಸಿ ಆಗುತ್ತದೆ ಹೇಳಿ.

ಈ ಸಂಶೋಧನೆಯನ್ನು ಓಡಿಬಂದು ಅಮ್ಮನಿಗೆ ಹೇಳಿದೆ. ಸೊಸೆಯ ಕೆಲಸವೂ ಹೀಗೇ, ಇವತ್ತು ಹೊಸದು, ನಾಳೆ ರೂಢಿ ಎಂದು ಅರ್ಥವಾಗಲಿ ಎಂಬ ಆಸೆ ನನ್ನದು.

"ಹಡಗಿನಲ್ಲಿ ಬಂದದ್ದು ಬರೀ ಮೆಣಸು," ಎಂದಳು ಅಮ್ಮ. "ಅರೆದದ್ದು ನಾವು."

ಅಮ್ಮ ಹೀಗೇ. ನಾನು ಅಡುಗೆ ಮಾಡುವಷ್ಟು ಹೊತ್ತೂ ಅವಳನ್ನು ಹಾಲಿನಲ್ಲಿ ಟೀವಿಯ ಮುಂದೆ ಕೂರಿಸಿರುತ್ತಿದ್ದೆ. ಮೆಲ್ಲ ಎದ್ದು ಅಡುಗೆ ಕೋಣೆಯ ಬಾಗಿಲಿಗೆ ಬಂದಳೋ, ನಾನು ಸೌಟು ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಅವಳು ಒಲೆಯ ಹತ್ತಿರ ನಿಂತದ್ದನ್ನು ಸುನೀತಾ ಕಂಡರೆ ಕೆಲಸ ಹೋದ ಹಾಗೇ. "ನೀನು ಹೋಗಿ ಕೂತ್ಕೊ ಅಮ್ಮ, ನಾನಿದ್ದೇನಲ್ಲ" ಎಂದು ಕೂಡಲೇ ಅಟ್ಟುತ್ತಿದ್ದೆ. ಅವಳು ವಾಪಸು ಹೋಗಿ ಟೀವಿಯ ಸದ್ದು ಜೋರು ಮಾಡುತ್ತಿದ್ದಳು. ಊಟಕ್ಕೆ ಕೂತಾಗ ಒಂದೇ ತೀರ್ಪು: "ಉಪ್ಪು ಸಾಲದು." ಉಪ್ಪು ಸರಿ ಇದ್ದ ದಿನ, "ಕಾಯಿ ನುಣ್ಣಗಾಗಲಿಲ್ಲ." ಎರಡೂ ಸರಿ ಇದ್ದ ದಿನ, "ಹೂಂ, ಗಂಡಸು ಮಾಡಿದ್ದಕ್ಕೆ ಅಡ್ಡಿಲ್ಲ." ಸೊಸೆ ಕೆಲಸಕ್ಕೆ ಹೋಗುವುದು ಇವಳಿಗೆ ಯಾವತ್ತೂ ಒಪ್ಪಿಗೆಯಾಗುವುದಿಲ್ಲ ಎಂದು ನಾನು ತೀರ್ಮಾನಿಸಿದ್ದೆ. ಸುನೀತಾಳೂ ಹಾಗೇ ತಿಳಿದಿದ್ದಳು.

ಅಷ್ಟರಲ್ಲಿ ಕ್ಲಿನಿಕ್ಕಿನ ಡಾಕ್ಟರು ಮೇಡಂ ಸುನೀತಾಳನ್ನು ಕರೆದು, ಸಂಜೆಯ ಡ್ಯೂಟಿಗೆ ಖಾಯಂ ಆಗುವುದಾದರೆ ಶುಕ್ರವಾರ ಹೇಳಬೇಕು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದರು.

"ಅತ್ತೆ ಬಾಯಿ ಬಿಟ್ಟು ಹೋಗು ಅಂತ ಹೇಳ್ಬೇಕು," ಎಂದಳು ಸುನೀತಾ. "ಅವರ ಮುಖ ನೋಡಿ ನೋಡಿ ನನಗೆ ಅಲ್ಲಿ ಕೆಲಸದಲ್ಲಿ ಮನಸ್ಸೇ ನಿಲ್ಲುದಿಲ್ಲ. ಹೇಳದಿದ್ರೆ ನಾನು ಇಲ್ಲ ಅಂತ ಹೇಳಿ ಬರ್ತೇನೆ."

ನನ್ನ ಕೈಯಲ್ಲಿ ಉಳಿದದ್ದು ಗುರುವಾರದ ಒಂದು ಊಟ. ಅಮ್ಮನಿಗೆ ಪ್ರಾಣವಾದ ಬಂಗುಡೆ ಗಸಿ ಮಾಡಿ, ಅವಳು ತಟ್ಟೆ ನೆಕ್ಕುವ ಹೊತ್ತಿಗೆ ಸರಿಯಾಗಿ ಮಾತೆತ್ತುವುದು ಎಂದು ಯೋಜನೆ ಹಾಕಿದೆ. ಗುರುವಾರ ಗಿರಿಜಕ್ಕ ನನ್ನ ಮುಖ ನೋಡಿ, ತಮಾಷೆ ಮಾಡದೆ, ಒಳ್ಳೆಯ ಹೊಳೆಯುವ ಬಂಗುಡೆಯನ್ನೇ ಆರಿಸಿ ಕತ್ತರಿಸಿ ಕೊಟ್ಟಳು. ಜಂಕ್ಷನ್ನಿನಲ್ಲಿ ಒಂದು ಲಾರಿ ಕೆಟ್ಟು ನಿಂತು, ಮನೆಗೆ ಬರುವಾಗಲೇ ತಡವಾಗಿತ್ತು. ಬಂದವನೇ ಅಕ್ಕಿ ಕುದಿಯಲು ಇಟ್ಟೆ. ಅಮ್ಮ ಏನೋ ಹೇಳಲು ಬಾಗಿಲಿಗೆ ಬಂದಳು. "ಈಗ ಎಂತದೂ ಬೇಡ, ನೀನು ಹೋಗಿ ಕೂತ್ಕೊ" ಎಂದೆ. ಮೀನಿನ ಕವರನ್ನು ಹೊರಗಿನ ಸಿಂಕಿನಲ್ಲಿಟ್ಟು, ಕೈ ತೊಳೆದು, ಫ್ರಿಜ್ಜು ತೆಗೆದೆ. ಮೇಲಿನ ತಟ್ಟೆಯಲ್ಲಿ ಒಡೆದ ತೆಂಗಿನಕಾಯಿಯ ಎರಡು ಕಡಿ ತಯಾರಾಗಿ ಕೂತಿದ್ದವು. ಅಂಚಿನಲ್ಲಿ ಸ್ವಲ್ಪ ಅರಸಿನ ಹತ್ತಿತ್ತು. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಅಮ್ಮ ಗುಟ್ಟಾಗಿ ಮಸಾಲೆಯ ಅರ್ಧ ತಯಾರಿ ಮಾಡಿಟ್ಟಿದ್ದಾಳೆ, ಮನಸ್ಸು ಕರಗಿದೆ, ಕೆಲಸ ಅರ್ಧ ಆದ ಹಾಗೇ ಎಂದುಕೊಂಡೆ. ಎರಡೂ ಕಡಿ ತುರಿದು, ಹುರಿದ ಮೆಣಸು, ಕೊತ್ತಂಬರಿ, ಹುಣಿಸೆಹಣ್ಣು ಸೇರಿಸಿ, ಹಾಡು ಹೇಳುತ್ತಾ ಅರೆದೆ. ಅಕ್ಕಿಯನ್ನು ಪೆಟ್ಟಿಗೆಗೆ ಇಳಿಸಿದೆ.

ಮಿಕ್ಸಿ ನಿಂತಾಗ ಬಾಗಿಲಲ್ಲಿ ಅಮ್ಮ ನಿಂತಿದ್ದಳು.

"ಕಾಯಿ ಯಾವುದು ತೆಗೆದದ್ದು?"

"ಫ್ರಿಜ್ಜಲ್ಲಿ ಇತ್ತಲ್ಲ, ಅದು."

"ಮೇಲಿನ ತಟ್ಟೆಯಲ್ಲಿದ್ದದ್ದಾ?"

ಅವಳ ಸ್ವರ ಕೇಳಿಯೇ ನನ್ನ ಹಾಡು ನಿಂತಿತು. "ಹೌದು."

"ಅಯ್ಯೋ ದೇವರೇ! ಅದು ನಾಗನ ಪ್ರಸಾದ ಮಾರಾಯ!"

ಕಾರ್ಕಳದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಹಿಂದಿನ ದಿನ ನಾಗನಿಗೆ ತಂಬಿಲ ಇತ್ತು. ವರ್ಷಕ್ಕೊಮ್ಮೆಯ ಪೂಜೆ. ಅಕ್ಕ ಈ ದಿನ ಮಧ್ಯಾಹ್ನದ ಬಸ್ಸಿಗೆ ಬಂದು, ಪೂಜೆಯ ಕಾಯಿ ಕೊಟ್ಟು, ಚಾ ಕುಡಿದು ಹೋಗಿದ್ದಳು. ಬೆಳಿಗ್ಗೆ ಅವಲಕ್ಕಿಗೆ ಬೆಲ್ಲದ ಜೊತೆ ಹಾಕೋಣ ಎಂದು ಅಮ್ಮ ಅದನ್ನು ಎತ್ತಿಟ್ಟಿದ್ದಳು.

"ಅಕ್ಕ ಬಂದದ್ದು ನನಗೆ ಹೇಳ್ಬೇಕಲ್ವಾ ಅಮ್ಮ?"

"ಹೇಳ್ಲಿಕ್ಕೇ ಬಂದದ್ದು ನಾನು ಆಗ. ನೀನು ಬಿಟ್ಟೆಯಾ? ಬಂದ ಕೂಡ್ಲೇ ಕೂತ್ಕೊ, ಕೂತ್ಕೊ! ನಾನೆಂತ ಮನೆಗೆ ಬಂದ ನೆಂಟಳಾ?"

ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ; ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ನಾಗನ ಪ್ರಸಾದದ ಕಾಯಿಯನ್ನು ಮೀನಿಗೆ ಹಾಕುವುದು ಎಂದರೆ, ಆ ಮಾತನ್ನು ಪೂರ್ತಿ ಹೇಳಲೂ ನಾಲಗೆ ಹೊರಳುವುದಿಲ್ಲ. ಹಾಗೆಂದು ಚೆಲ್ಲುವ ಹಾಗೂ ಇಲ್ಲ, ಪ್ರಸಾದವನ್ನು ಚೆಲ್ಲುವುದು ಅದಕ್ಕಿಂತ ದೊಡ್ಡ ಅಪರಾಧ. ಅರೆದದ್ದನ್ನು ವಾಪಸು ಕಾಯಿ ಮಾಡುವ ವಿಜ್ಞಾನವೂ ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಬೇರೆ ಕಾಯಿ ಸುಲಿದು, ಒಡೆದು, ತುರಿದು, ಹೊಸ ಮಸಾಲೆ ಅರೆಯುವಷ್ಟು ಹೊತ್ತೂ ಇಲ್ಲ. ಮಿಕ್ಸಿಯ ಜಾರಿನಲ್ಲಿ ಕೆಂಪಗೆ, ಘಮಘಮ ಎನ್ನುವ, ನನ್ನ ಜೀವನದಲ್ಲೇ ಅತ್ಯಂತ ನುಣ್ಣಗಿನ ಮಸಾಲೆ. ಸಿಂಕಿನಲ್ಲಿ ಅದಕ್ಕಾಗಿ ಕಾಯುತ್ತಿರುವ ಬಂಗುಡೆ. ಅವೆರಡರ ನಡುವೆ ನಾನು.

ಅಮ್ಮ ವಿಚಾರಣೆ ಶುರು ಮಾಡಿದಳು.

"ಬೆಳ್ಳುಳ್ಳಿ ಹಾಕಿದ್ದೀಯಾ?"

"ಇಲ್ಲ. ಒಗ್ಗರಣೆಗೆ ಅಂತ ಇಟ್ಟಿದ್ದೆ."

"ಮೀನು ಮುಟ್ಟಿದ ಕೈಯಾ?"

"ಮೀನು ಕವರಲ್ಲೇ ಉಂಟು, ಬಿಚ್ಚಲೇ ಇಲ್ಲ. ಕೈ ತೊಳೆದೇ ಕಾಯಿ ಮುಟ್ಟಿದ್ದು."

"ಬದುಕಿದೆ," ಎನ್ನುತ್ತಾ ಅಮ್ಮ ಒಲೆಯ ಕಡೆ ಒಂದು ಹೆಜ್ಜೆ ಇಟ್ಟಳು. ನಾನು ಲಾರಿಗೆ ಅಡ್ಡ ನಿಂತವನಂತೆ ಕೈ ಅಗಲಿಸಿದೆ. "ಅಮ್ಮ, ನಿಲ್ಬೇಡ! ನಿನ್ನ ಕಾಲಿಗೆ ಬೀಳ್ತೇನೆ, ನೀನು ಇಲ್ಲಿ ನಿಂತದ್ದು ಕಂಡ್ರೆ ಸುನೀತಾ ನಾಳೆಯೇ ಕೆಲಸ ಬಿಡ್ತಾಳೆ!"

"ಹಾಗಾದ್ರೆ ಅಲ್ಲಿ ಕೂತು ನಾನು ಟೀವಿಯವರಿಗೆ ಹೇಳಿಕೊಡುದಾ?"

ಹಾಲಿಗೆ ಓಡಿ ಅವಳ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ ತಂದು ಅಡುಗೆ ಕೋಣೆಯ ಮಧ್ಯದಲ್ಲೇ ಹಾಕಿದೆ. "ಇಲ್ಲಿ ಕೂತ್ಕೊ. ಕೂತಲ್ಲಿಂದ ಹೇಳು."

ಅಮ್ಮ ಕುರ್ಚಿಯನ್ನು ನೋಡಿದಳು, ಒಲೆಯನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. "ಬಸಳೆ ಉಂಟಲ್ಲ ಹಿಂದೆ. ಹೋಗು, ಓಡು. ಎಳತ್ತು ದಂಟು ನೋಡಿ ಕೊಯ್ಯಿ. ನಿನ್ನ ಹಾಗೆ ಬಲಿತದ್ದು ಬೇಡ."

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಮ್ಮ ಬಸಳೆ ಚಪ್ಪರ. ಕತ್ತಲಾಗಿತ್ತು. ಒಂದು ಕೈಯಲ್ಲಿ ಕತ್ತಿ, ಒಂದು ಕೈಯಲ್ಲಿ ಬಳ್ಳಿ, ಮೊಬೈಲಿನ ಟಾರ್ಚು ಹಚ್ಚಿ ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ಯಲ್ಲವ್ವ ಬಾಗಿಲು ತೆರೆದು ಬಂದಳು.

"ಯಾಕ್ರಿ ಅಣ್ಣಾರ, ಏನ್ ಕಳಕೊಂಡ್ರಿ?"

ಬಾಯಲ್ಲಿ ಮೊಬೈಲು ಇದ್ದದ್ದರಿಂದ ಉತ್ತರ ಕೊಡಲಾಗಲಿಲ್ಲ. ಬಸಳೆ ಎಲ್ಲ ಕೊಯ್ದಾದ ಮೇಲೆ ಮೊಬೈಲು ತೆಗೆದು, "ಯಲ್ಲವ್ವ, ಬಂಗುಡೆ ಬೇಕಾ?" ಎಂದೆ.

ಅವಳು ನನ್ನನ್ನು ಮೇಲೆ ಕೆಳಗೆ ನೋಡಿದಳು. "ನಾ ತಿನ್ನಂಗಿಲ್ರಿ. ನಮ್ಮನಿಯವ್ರು ಇಲ್ಲಿಗೆ ಬಂದ ಮ್ಯಾಲ ಕಲ್ತಾರ್ರಿ. ಆದ್ರ ನಿಮಗ?"

"ನಮಗೆ ಇವತ್ತು ಬಸಳೆ!" ಎಂದು ಕೂಗಿ, ಸಿಂಕಿನಲ್ಲಿದ್ದ ಕವರನ್ನು ಅವಳ ಕೈಗಿತ್ತೆ. ಬಂಗುಡೆ ಹಿತ್ತಲಿನ ಕೋಣೆಗೆ ಹೋಯಿತು, ನಾನು ಮಸಾಲೆಯ ಕಡೆಗೆ ಓಡಿದೆ.

ಆಮೇಲೆ ನಡೆದದ್ದನ್ನು ಅಡುಗೆ ಎನ್ನಬೇಕೋ, ಯುದ್ಧ ಎನ್ನಬೇಕೋ, ನನಗೆ ಇನ್ನೂ ತಿಳಿಯದು. ಅಮ್ಮ ಮಡಿಲಲ್ಲಿ ಒಂದು ಅಗಲ ತಟ್ಟೆ ಇಟ್ಟುಕೊಂಡು, ಬಸಳೆಯ ಎಲೆ ಬೇರೆ, ದಂಟು ಬೇರೆ ಮಾಡಿ, ದಂಟನ್ನು ಪಟಪಟ ಮುರಿದು ಹಾಕಿದಳು. ಕತ್ತಿಯೂ ಬೇಡ, ಮಣೆಯೂ ಬೇಡ. ಎಲ್ಲ ತುಂಡೂ ಒಂದೇ ಉದ್ದ. ಬಾಯಿ ಮಾತ್ರ ನನ್ನ ಕಡೆಗಿತ್ತು. "ದಂಟು ಮೊದಲು ಕುಕ್ಕರಿಗೆ ಹಾಕು. ಅಷ್ಟು ನೀರು ಎಂತಕ್ಕೆ, ಬಸಳೆ ಎಂತ ಈಜ್ಲಿಕ್ಕೆ ಹೋಗುದಾ? ಒಂದು ಕೂಗು ಸಾಕು. ಸೌಟು ಎಡಗೈಯಲ್ಲಿ ಹಿಡಿಬೇಡ! ಸೊಪ್ಪು ಈಗ. ಈಗ ಅಂದ್ರೆ ಈಗ, ನಾಳೆ ಅಲ್ಲ! ಮಸಾಲೆ ಹಾಕಿ ಕೈಬಿಡದೆ ತಿರುಗಿಸು. ಎಂತ ನನ್ನ ಮುಖ ನೋಡ್ತಿ, ಪಾತ್ರೆ ನೋಡು!"

ನಾನು ಪಾತ್ರೆ ನೋಡಲಿಲ್ಲ, ಅವಳ ಮುಖವನ್ನೇ ನೋಡಿದೆ. ಎಷ್ಟೋ ತಿಂಗಳಿನಿಂದ ಹಾಲಿನ ಮೂಲೆಯಲ್ಲಿ ತೂಕಡಿಸುತ್ತಿದ್ದವಳ ಮುಖ ಅದಲ್ಲ. ಹೊರಗೆ ಟೀವಿಯಲ್ಲಿ ಯಾರೋ ಬಿಕ್ಕಿಬಿಕ್ಕಿ ಅಳುತ್ತಿದ್ದರು. ಅವರನ್ನು ಕೇಳುವವರೇ ಇರಲಿಲ್ಲ.

ಗಸಿ ಕುದಿ ಬರುವುದಕ್ಕೂ ಗೇಟಿನ ಸದ್ದಾಗುವುದಕ್ಕೂ ಸರಿಹೋಯಿತು. ಸುನೀತಾ ನೇರ ಅಡುಗೆ ಕೋಣೆಗೆ ಬಂದಳು. ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಅಮ್ಮ, ಮಡಿಲಲ್ಲಿ ಬಸಳೆಯ ಕಸ, ಕೈಯಲ್ಲಿ ಕರಿಬೇವು. ಸುನೀತಾಳ ಮುಖ ಇಳಿದುಹೋಯಿತು.

"ಅತ್ತೆ, ನೀವು ಅಡುಗೆಗೆ ಬರುವ ಹಾಗಾಯ್ತಾ?" ಎಂದಳು. ಹೆಗಲಿನ ಬ್ಯಾಗು ಇಳಿಸಿರಲಿಲ್ಲ. "ಬೇಡ, ಸಾಕು. ನಾನು ನಾಳೆ ಮೇಡಂಗೆ ಆಗುದಿಲ್ಲ ಅಂತ ಹೇಳ್ತೇನೆ."

ನನಗೆ ಪ್ರಸಾದ, ಬಂಗುಡೆ, ಲಾರಿ, ಎಲ್ಲಿಂದ ಶುರು ಮಾಡಲಿ ಎಂದು ಹೊಳೆಯಲಿಲ್ಲ.

"ಎಂತದು ಆಗುದಿಲ್ಲ?" ಎಂದಳು ಅಮ್ಮ. "ನಾನು ನಿಂತದ್ದು ಕಂಡೆಯಾ ನೀನು? ಕೂತೇ ಇದ್ದೇನಲ್ಲ. ಕುರ್ಚಿ ಉಂಟಲ್ಲ."

"ಆದ್ರೂ ಅತ್ತೆ, ನಿಮಗೆ ತೊಂದರೆ..."

"ನನಗೆ ತೊಂದರೆ ಆದದ್ದು ಅಲ್ಲಿ ಕೂತು," ಎಂದು ಹಾಲಿನ ಕಡೆ ಕೈ ತೋರಿಸಿದಳು. "ನೀನು ಮನೆಯಲ್ಲಿದ್ರೆ ನೀನು ಕೂರಿಸ್ತಿ, ಇವ ಇದ್ರೆ ಇವ ಕೂರಿಸ್ತಾನೆ. ಮಂಡಿ ಹೋದದ್ದು, ಮಂಡೆ ಹೋಗಲಿಲ್ಲ ನನ್ನದು. ಇವತ್ತು ಇವನಿಗೆ ಬುದ್ಧಿ ಬಂತು, ಕುರ್ಚಿ ಒಳಗೆ ತಂದ. ಇವನಿಗೆ ಇನ್ನೂ ಸೌಟು ಹಿಡಿಲಿಕ್ಕೆ ಬರುದಿಲ್ಲ. ಕಲಿಸ್ಲಿಕ್ಕೆ ನನಗೆ ಸಂಜೆ ಬೇಕು. ನೀನು ಹೋಗು ಕೆಲಸಕ್ಕೆ, ಸುಮ್ನೆ ಮಧ್ಯೆ ಬರ್ಬೇಡ."

ಸುನೀತಾ ನನ್ನ ಮುಖ ನೋಡಿದಳು. ನಾನು ಹೂಂ ಎನ್ನುವಂತೆ ತಲೆ ಆಡಿಸಿದೆ. ನಿಜ ಹೇಳಬೇಕೆಂದರೆ ನನಗೂ ಆಗ ತಾನೇ ಅರ್ಥವಾಗುತ್ತಿತ್ತು. ಅಮ್ಮ ಇಷ್ಟು ದಿನ ಜಗಳ ಮಾಡಿದ್ದು ಸೊಸೆಯ ಕೆಲಸದ ಮೇಲಲ್ಲ. ನಾವಿಬ್ಬರೂ ಸೇರಿ, ತುಂಬ ಪ್ರೀತಿಯಿಂದ, ಅವಳ ಕೆಲಸವನ್ನು ಬಿಡಿಸಿದ್ದೆವು.

ಬಸಳೆಗೆ ಅಮ್ಮ ಕೂತಲ್ಲಿಂದಲೇ ಒಗ್ಗರಣೆ ಹೇಳಿದಳು, ನಾನು ಹಾಕಿದೆ. ಪೆಟ್ಟಿಗೆಯಿಂದ ಅನ್ನ ತೆಗೆದರೆ ಒಂದೊಂದು ಅಗುಳೂ ಬಿರಿದಿತ್ತು. ಮೊದಲು ಒಂದು ಸೌಟು ಗಸಿಯನ್ನು ಅಮ್ಮನ ತಟ್ಟೆಗೆ ಬಡಿಸಿದೆ. ಅವಳು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಅನ್ನಕ್ಕೆ ಕಲಸಿದಳು. ಉಪ್ಪಿನ ಸುದ್ದಿ ಬರಲಿಲ್ಲ. ಕಾಯಿಯ ಸುದ್ದಿಯೂ ಬರಲಿಲ್ಲ. ತಟ್ಟೆ ಮುಂದಕ್ಕೆ ದೂಡಿ, "ಇನ್ನೊಂದು ಸೌಟು ಹಾಕು," ಎಂದಳು. ಹಿತ್ತಲಿನಿಂದ ಬಂಗುಡೆ ಹುರಿಯುವ ಪರಿಮಳ ತೇಲಿಬಂತು. ನಾವು ಮೂವರೂ ಒಂದು ಕ್ಷಣ ತಲೆಯೆತ್ತಿ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಮತ್ತೆ ಬಸಳೆಗೆ ತಲೆ ಬಗ್ಗಿಸಿದೆವು.

ಕೈ ತೊಳೆದಾದ ಮೇಲೆ ಅಮ್ಮನಿಗೆ ಸಮಾಧಾನವಿಲ್ಲ. "ನಾಳೆವರೆಗೆ ಎಂತಕ್ಕೆ? ಈಗಲೇ ಮೊಬೈಲಲ್ಲಿ ಬರ್ದು ಹಾಕು ಆ ಡಾಕ್ಟ್ರಿಗೆ."

ಸುನೀತಾ ಬರೆದು ಓದಿದಳು: "ಮೇಡಂ, ಸಂಜೆ ಡ್ಯೂಟಿಗೆ ಖಾಯಂ ಬರ್ತೇನೆ."

"ಅಷ್ಟೇಯಾ? ಅತ್ತೆ ಒಪ್ಪಿದ್ದಾರೆ ಅಂತ ಬರಿ."

"ಅತ್ತೆ, ಡಾಕ್ಟ್ರಿಗೆ ಅದೆಲ್ಲ ಎಂತಕ್ಕೆ?"

"ಬರಿ ನೀನು. ಯಾರು ಒಪ್ಪಿದ್ದು ಅಂತ ಅವರಿಗೂ ಗೊತ್ತಾಗ್ಲಿ."

ಸುನೀತಾ ನಗುತ್ತಲೇ ಬರೆದು ಕಳಿಸಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ತುಂಬಾ ಸಂತೋಷ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ." ಅಮ್ಮ ಅದನ್ನು ಮತ್ತೊಮ್ಮೆ ಓದಿಸಿ ಕೇಳಿ, "ಒಳ್ಳೆ ಹೆಂಗಸು," ಎಂದು ಸರ್ಟಿಫಿಕೇಟು ಕೊಟ್ಟಳು.

ಹಲ್ಲಿನಲ್ಲಿ ಮೊಬೈಲು ಕಚ್ಚಿಕೊಂಡು ಕತ್ತಲಲ್ಲಿ ಬಸಳೆ ಕೊಯ್ದವನ ಸುದ್ದಿ ಆ ಮೆಸೇಜಿನಲ್ಲೂ ಇರಲಿಲ್ಲ, ಉತ್ತರದಲ್ಲೂ ಇರಲಿಲ್ಲ. ಉಂಡವರು ಎದ್ದ ಮೇಲೆ ಅಡುಗೆ ಮಾಡಿದವರಿಗೆ ಉಳಿಯುವುದು ಇಷ್ಟೇ ಎಂದು ಈ ಇಬ್ಬರು ಹೆಂಗಸರಿಗೂ ನನಗಿಂತ ಎಷ್ಟೋ ಮೊದಲು ಗೊತ್ತಿತ್ತು. ತಡವಾಗಿಯಾದರೂ ಅವರ ಸಾಲಿನಲ್ಲಿ ನನಗೊಂದು ಜಾಗ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗುತ್ತಾ, ತಟ್ಟೆಗಳನ್ನು ಎತ್ತಿಕೊಂಡು ತೊಳೆಯಲು ಹೊರಟೆ.

"ತಟ್ಟೆ ಅಲ್ಲಿಡು," ಎಂದಳು ಅಮ್ಮ, ಕುರ್ಚಿಯಿಂದ. "ಮೊದಲು ಹೋಗಿ ಹೊರಗಿಂದ ಒಂದು ಕಾಯಿ ಸುಲಿದು ತಾ. ನಾಳೆಗೆ ಬಂಗುಡೆ."